ಪಾಯದ ಮೇಲಿನ ವೈಟ್ ಹೌಸ್

ಕಾಡುಕೊಪ್ಪಲಿನ ಸಣ್ಣಸ್ವಾಮಿ ಮನೆ ಕಟ್ಟಿಸಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಅವನು ಒಂಬತ್ತು ವರ್ಷದಿಂದ ಮನೆ ಕಟ್ಟಿಸುತ್ತಲೇ ಇದ್ದ. ಪಾಯ ಆಗಿತ್ತು. ಗೋಡೆ, ಬಾಗಿಲು, ಕಿಟಕಿ, ತಾರಸಿ ಎಂಬ ಸಣ್ಣಪುಟ್ಟ ಕೆಲಸ ಮಾತ್ರ ಬಾಕಿ ಇತ್ತು.

ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಹೋಗುವಾಗ ಎಡಕ್ಕೆ ಒಡೆಯುವ ಮಣ್ಣುರಸ್ತೆಯ ಕೊನೆಗೆ ಕಾಡುಕೊಪ್ಪಲು. ಹಾಸನ, ಮೈಸೂರು ಕಡೆಯಿಂದ ಬಂದು ನೆಲೆನಿಂತವರ ಊರು. ಅರಕಲಗೂಡಿನ ಕಡೆಯಿಂದ ಅಪ್ಪನ ಹೆಗಲ ಮೇಲೆ ಕೂತು ಬಂದ ಸಣ್ಣಸ್ವಾಮಿಗೆ ಈಗ ಐವತ್ತಾರು. ಸುಂಟಿಕೊಪ್ಪದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರು. ಕೂಲಿಯವರ ಲೈನುಮನೆಗಳಿಂದ ಯಾರು ಕೆಲಸಕ್ಕೆ ಬಂದರು, ಯಾರು ಜ್ವರ ಎಂದು ಮಲಗಿದರು ಎಂದು ಬರೆಯುವುದು ಅವನ ಬರವಣಿಗೆ.

ಪಾಯ ಪಾಯವಾಗಿಯೇ ಉಳಿದದ್ದು ದುಡ್ಡಿಲ್ಲದೆ ಅಲ್ಲ, ಪ್ಲ್ಯಾನು ಒಂದು ಕಡೆ ನಿಲ್ಲದೆ. ಗುದ್ದಲಿಪೂಜೆಯ ದಿನ ಹಜಾರ ಉತ್ತರಕ್ಕಿತ್ತು. ಆಮೇಲೆ ಬಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಸಿಕ್ಕಿ ವಾಸ್ತು ಹೇಳಿದರು, ಅಡುಗೆಮನೆ ಆಗ್ನೇಯಕ್ಕೆ ಓಡಿತು. ಅಡುಗೆಮನೆ ಓಡಿದ್ದು ನೋಡಿ ಬಚ್ಚಲುಮನೆಯೂ ಜಾಗ ಬಿಟ್ಟಿತು. ಎಸ್ಟೇಟಿನ ಬಂಗಲೆ ನೋಡಿ ವರಾಂಡ ಬೇಕೆನಿಸಿತು, ಕುಶಾಲನಗರದ ಕಲ್ಯಾಣಮಂಟಪ ನೋಡಿ ಕಂಬ ಬೇಕೆನಿಸಿತು. ಮೇಸ್ತ್ರಿ ಸಿದ್ದ ಹನ್ನೊಂದನೇ ಪ್ಲ್ಯಾನಿನವರೆಗೆ ತಾಳಿದ. ಹನ್ನೆರಡನೆಯದು ಶುರುವಾದ ಬೆಳಿಗ್ಗೆ ಕರಣೆ, ರಸಮಟ್ಟ ಚೀಲಕ್ಕೆ ತುಂಬಿಕೊಂಡು, "ರೈಟ್ರೇ, ನಿಮ್ಗೆ ಯಾವ ಮನೆ ಬೇಕು ಅಂತ ನಿಮ್ಗೇ ಗೊತ್ತಾದ್ಮೇಲೆ ಫೋನ್ ಮಾಡಿ" ಎಂದು ಹೋದವನು ಆ ಕಡೆ ತಲೆ ಹಾಕಲಿಲ್ಲ.

ಪಾಯದ ತುಂಬ ಕೆಸು ಬೆಳೆಯಿತು. ಪಕ್ಕದ ಹಳೇ ಹೆಂಚಿನ ಮನೆಯಲ್ಲೇ ಸಂಸಾರ. ಹೆಂಡತಿ ರಾಮಮ್ಮ ಬಾಯಿ ಜೋರಿನವಳಲ್ಲ, ಆದರೆ ಊಟಕ್ಕೆ ಬಡಿಸುವಾಗ ಒಂದು ಮಾತು ಸೇರಿಸಿಯೇ ಬಡಿಸುವಳು. "ಇವತ್ತು ಬೆಡ್‌ರೂಮಿನ ಸೊಪ್ಪು ಕೊಯ್ದಿದೀನಿ. ದೇವರಮನೆದು ಇನ್ನೂ ಎಳಸು."

ಇದನ್ನೆಲ್ಲ ಸಣ್ಣಸ್ವಾಮಿ ನಗುತ್ತಲೇ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಒಂದೇ, ಅಕ್ಕ ನಿಂಗಮ್ಮನ ಮಾತು. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ. ತಲೆ ಬಾಚಿ, ತುತ್ತು ತಿನ್ನಿಸಿ, ಸ್ಲೇಟು ಒರೆಸಿ ಸಾಕಿದವಳು ಅಕ್ಕ. ಮದುವೆಯಾಗಿ ಅರಕಲಗೂಡಿನ ಕಡೆಯ ಹಳ್ಳಿ ಸೇರಿದ್ದಳು. ಹೊಸ ಮನೆಯಲ್ಲಿ ಹಾಲುಕ್ಕಿಸುವುದು ಮನೆಯ ಹೆಣ್ಣುಮಗಳ ಹಕ್ಕು. ಗುದ್ದಲಿಪೂಜೆಯ ದಿನ ಸಣ್ಣಸ್ವಾಮಿ, "ಮುಂದಿನ ಯುಗಾದಿಗೆ ಬಂದು ಹಾಲುಕ್ಕಿಸಕ್ಕ" ಎಂದು ಎಲ್ಲರೆದುರು ಹೇಳಿದ್ದ. ಅಕ್ಕ ಮಾತು ನಂಬಿ, ಮುಂದಿನ ಯುಗಾದಿಗೆ ಹೊಸ ಹಿತ್ತಾಳೆ ಪಾತ್ರೆ ಹಿಡಿದು ಬಂದೇಬಿಟ್ಟಳು. ಬಂದು ನೋಡಿದರೆ ಪಾಯದಲ್ಲಿ ಒಂದು ಕೋಳಿ ಮರಿಗಳನ್ನು ಮೇಯಿಸುತ್ತಿತ್ತು.

"ಹೊಸ ಮನೇಲಿ ಹಾಲುಕ್ಕಿಸೋಗಂಟ ನಿನ್ನ ಹೊಸ್ಲು ತುಳಿಯಕ್ಕಿಲ್ಲ ಕಣ್ಲಾ ಸಣ್ಣ" ಎಂದವಳು ಗೇಟಿನಿಂದಲೇ, ಒಂದು ಲೋಟ ನೀರೂ ಕುಡಿಯದೆ ತಿರುಗಿ ಬಸ್ಸು ಹತ್ತಿದಳು. ಆಮೇಲೆ ಎಂಟು ವರ್ಷ ಬರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಮಾತ್ರ ಬಸ್ಸಿನ ಕಂಡಕ್ಟರ ಕೈಲಿ ಕಳಿಸುವಳು. ಸಣ್ಣಸ್ವಾಮಿ ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ನಿಂತು ತಿನ್ನುವನು, ಕಣ್ಣು ಒದ್ದೆಯಾದರೆ ಬಸ್ಸಿನ ಹೊಗೆಯ ಮೇಲೆ ಹಾಕುವನು.

ಇಂಥವನ ಕೈಗೆ ಮನೆ ಕಟ್ಟುವ ಆಟದ ಡಬ್ಬಿಯೊಂದನ್ನು ಕೊಟ್ಟವರು ಎಸ್ಟೇಟಿನ ಮಾಲೀಕರು ಬೋಪಣ್ಣ. ಎಪ್ಪತ್ತು ದಾಟಿದ ಈ ಸಾಹೇಬರಿಗೆ ಪ್ಲಾಸ್ಟಿಕ್ಕಿನ ಪುಟಾಣಿ ಇಟ್ಟಿಗೆ ಜೋಡಿಸಿ ಲೋಕಪ್ರಸಿದ್ಧ ಕಟ್ಟಡಗಳನ್ನು ಕಟ್ಟುವ ಹುಚ್ಚು. ಬಂಗಲೆಯ ಗಾಜಿನ ಬೀರುವಿನಲ್ಲಿ ಐಫೆಲ್ ಗೋಪುರ, ತಾಜಮಹಲು, ಲಂಡನ್ನಿನ ಗಡಿಯಾರದ ಗೋಪುರ ಅಕ್ಕಪಕ್ಕ ನಿಂತಿದ್ದವು. ಹಾಜರಿ ಪುಸ್ತಕ ಹಿಡಿದು ಹೋದಾಗಲೆಲ್ಲ ಸಣ್ಣಸ್ವಾಮಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಒಂದು ದಿನ ಸಾಹೇಬರು, "ರೈಟ್ರೇ, ವೈಟ್ ಹೌಸ್ ಎರಡು ಬಂದ್‌ಬಿಟ್ಟಿದೆ, ಒಂದು ನೀವು ತಗೊಂಡೋಗಿ. ನಿಮ್ಗೂ ಕಟ್ಟೋದ್ರಲ್ಲಿ ಇಂಟರೆಸ್ಟ್ ಅಲ್ವಾ?" ಎಂದರು. ಅದರಲ್ಲಿ ಕುಟುಕು ಇತ್ತೋ ಪ್ರೀತಿ ಇತ್ತೋ ಸಣ್ಣಸ್ವಾಮಿ ಯೋಚಿಸಲಿಲ್ಲ. ಡಬ್ಬಿಯ ಮೇಲೆ ಅಮೆರಿಕದ ಅಧ್ಯಕ್ಷರ ಬಿಳೀ ಮನೆ ಕಂಬಗಳ ಸಮೇತ ಹೊಳೆಯುತ್ತಿತ್ತು. ಅವನು ಕಂಬ ನೋಡಿದ, ಸೋತ.

ಆ ಮಳೆಗಾಲವಿಡೀ ಊಟದ ಮೇಜು ಸೈಟಾಯಿತು. ಎಸ್ಟೇಟಿನಿಂದ ಬಂದು ಕೈಕಾಲು ತೊಳೆದು, "ಸೈಟಿಗೆ ಹೋಗ್ತೀನಿ" ಎಂದು ಎರಡು ಹೆಜ್ಜೆ ನಡೆದು ಕುರ್ಚಿಯಲ್ಲಿ ಕೂರುವನು. ಸಾವಿರದ ಆರುನೂರು ಚಿಲ್ಲರೆ ಇಟ್ಟಿಗೆ. ಸಾಸಿವೆ ಡಬ್ಬಿ, ಜೀರಿಗೆ ಡಬ್ಬಿ ಎಲ್ಲದರಲ್ಲೂ ಕಿಟಕಿ, ಮೆಟ್ಟಿಲು. ಒಂದು ದಿನ ಸಾರಿನಲ್ಲಿ ಬಿಳೀ ಕಂಬ ಸಿಕ್ಕಾಗ ರಾಮಮ್ಮ, "ನುಗ್ಗೆಕಾಯಿ ಅಂತ ಚೀಪಬೇಡಿ" ಎಂದು ತೆಗೆದುಕೊಟ್ಟಳು.

ಡಬ್ಬಿಯ ಜೊತೆ ಬಂದ ಪುಸ್ತಕದಲ್ಲಿ ಒಂದೊಂದು ಇಟ್ಟಿಗೆಗೂ ಚಿತ್ರ ಸಮೇತ ಜಾಗ ಹೇಳಿತ್ತು. ಮನುಷ್ಯಮಾತ್ರದವನು ಅದನ್ನು ಬದಲಾಯಿಸುವಂತಿರಲಿಲ್ಲ. ಸಣ್ಣಸ್ವಾಮಿ ಬದಲಾಯಿಸಿದ. ಅಮೆರಿಕದವರಿಗೆ ವಾಸ್ತು ಗೊತ್ತಿಲ್ಲದೆ ಇಷ್ಟೊಂದು ತಾಪತ್ರಯ ಎಂದು ಅವನಿಗೆ ಖಚಿತವಾಯಿತು. ಮುಂಬಾಗಿಲು ಪೂರ್ವಕ್ಕೆ ತಿರುಗಿಸಿದ, ಆಗ್ನೇಯಕ್ಕೆ ಹೊಗೆಗೂಡು ತಂದ. ಕೊನೆಗೆ ನಲವತ್ತಾರು ಇಟ್ಟಿಗೆ ಮಿಕ್ಕಿದವು. ಅರಿಶಿನ-ಕುಂಕುಮದ ಪೊಟ್ಟಣ ಕತ್ತರಿಸಿ ಹಳದಿ-ಕೆಂಪು ಬಾವುಟ ಮಾಡಿ ತಾರಸಿಗೆ ಸಿಕ್ಕಿಸಿದ. ದೃಷ್ಟಿಯಾಗಬಾರದೆಂದು ಮುಂಬಾಗಿಲಿಗೆ ಬೂದುಗುಂಬಳದ ಬದಲು ಒಂದು ನೆಲ್ಲಿಕಾಯಿ, ಪಕ್ಕಕ್ಕೆ ಒಂದು ಸೂಜಿಮೆಣಸು ಕಟ್ಟಿದ. ಒಂದೂವರೆ ಅಡಿ ಉದ್ದ, ಅಂಗೈ ಎತ್ತರ. ಆದರೂ ಮನೆ! ತನ್ನ ಕೈಯಿಂದ ತಾರಸಿಯವರೆಗೆ ಹೋದ ಮೊದಲ ಮನೆ. ಸಣ್ಣಸ್ವಾಮಿಗೆ ಎದೆ ಉಬ್ಬಿ ಊಟ ಸೇರಲಿಲ್ಲ.

ದಸರೆ ಕಳೆದು ಬಿಸಿಲು ಬಿದ್ದ ಬೆಳಿಗ್ಗೆ ಅವನು ವೈಟ್ ಹೌಸನ್ನು ಎತ್ತಿಕೊಂಡು ಹೋಗಿ, ಪಾಯದ ಮೂಲೆಯಲ್ಲಿ ಕೆಸು ಕಿತ್ತು, ಅಲ್ಲಿಟ್ಟು, ಹೊಟ್ಟೆ ಅಡಿಯಾಗಿ ಮಲಗಿ ಫೋಟೋ ತೆಗೆಯತೊಡಗಿದ. ಬೇಲಿಯಾಚೆ ಹಸು ಕಟ್ಟುತ್ತಿದ್ದ ಪಕ್ಕದ ಮನೆಯ ಜವರಪ್ಪ ಗಾಬರಿಯಾದ.

"ರೈಟ್ರೇ! ಏನಾಯ್ತು, ಹಾವು ಕಚ್ತಾ?"

"ಶ್! ಫೋಟೋ ಅಲ್ಲಾಡುತ್ತೆ."

ಜವರಪ್ಪ ಬಂದು ನೋಡಿದ. ಊರಲ್ಲಿ ಆ ಮನೆಯನ್ನು ಅದರ ನಿಜವಾದ ಅಳತೆಯಲ್ಲಿ ಕಂಡ ಹೊರಗಿನವನು ಅವನೊಬ್ಬನೇ. ಹಾಲು ಮಾರುವವನಾದರೂ ಅವನ ನಿಜವಾದ ಕಸುಬು ಬೇರೆಯವರ ಫಜೀತಿ ನೋಡುವುದು. ಈ ದಿನದಿಂದ ಅವನಿಗೆ ಸುಗ್ಗಿ.

ಫೋಟೋ ಬಲು ಚೆನ್ನಾಗಿ ಬಂತು. ಕೆಳಗಿನಿಂದ ತೆಗೆದದ್ದರಿಂದ ಕಂಬಗಳು ಆಕಾಶಕ್ಕೆ ಏರಿದ್ದವು, ಹಿಂದೆ ನೀಲಿ ಬೆಟ್ಟ, ನೆಲ್ಲಿಕಾಯಿ ಅಸಲಿ ಬೂದುಗುಂಬಳದಂತೆ ತೂಗುತ್ತಿತ್ತು. ಸಣ್ಣಸ್ವಾಮಿ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಕೆಳಗೆ ಬರೆದ: "ಒಂಬತ್ತು ವರ್ಷದ ಕನಸು. ಅದೇ ಪಾಯ. ನಮ್ಮ ವೈಟ್ ಹೌಸ್." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆಟದ್ದು ಎಂಬ ಒಂದು ಪದ ಬಿಟ್ಟುಹೋಗಿತ್ತು, ಅಷ್ಟೆ. ಬೇಕಂತಲೇ ಬಿಟ್ಟನೇ? ಕೇಳಿದರೆ ಅವನು ಜಾಗ ಸಾಲಲಿಲ್ಲ ಎನ್ನುತ್ತಿದ್ದ.

ಅರ್ಧ ಗಂಟೆಯಲ್ಲಿ ಕೊಡ್ಲಿಪೇಟೆಯಿಂದ ಹಳೇ ಸಹಪಾಠಿ, ಕಬ್ಬಿಣ ಸಿಮೆಂಟಿನ ವ್ಯಾಪಾರಿ ಮಲ್ಲಪ್ಪನ ಫೋನು.

"ಏನಯ್ಯಾ ಸಣ್ಣ, ಹೇಳ್ದೆ ಕೇಳ್ದೆ! ಸಿಮೆಂಟ್ ನನ್ ಹತ್ರ ತಗೊಳ್ಳಲ್ಲ ಅಂತ ಹಟವಾ?"

"ಸಿಮೆಂಟೇ ಹಾಕ್ಲಿಲ್ಲ ಮಾರಾಯ."

"ಸಿಮೆಂಟ್ ಇಲ್ದೆ ಕಂಬ ಹೆಂಗ್ ನಿಲ್ಸಿದೆ?"

"ರೆಡಿಮೇಡ್ ಬಂತು. ಕೂರ್ಸೋದಷ್ಟೆ."

"ಕ್ಯೂರಿಂಗು? ನೀರು ಹೊಡೆಯೋದು?"

"ಬೇಕಾಗ್ಲಿಲ್ಲ."

"ಆಳು ಎಷ್ಟ್ ಜನ?"

"ನಾನೊಬ್ನೇ."

ಮಲ್ಲಪ್ಪ, "ದೊಡ್ಡ ಮನುಷ್ಯ ಆಗ್ಬಿಟ್ರಿ ನೀವು" ಎಂದು ಬಹುವಚನಕ್ಕೆ ಏರಿ ಫೋನಿಟ್ಟ. ನಲವತ್ತು ವರ್ಷದಿಂದ ಅವನನ್ನು ಏಕವಚನದಲ್ಲೇ ಬೈಯುತ್ತ ಬಂದ ಮಲ್ಲಪ್ಪ! ಈಗ ನಿಜ ಹೇಳುವುದೆಂದರೆ ಬಹುವಚನ ವಾಪಸು ಕೊಡಬೇಕು. ಸಣ್ಣಸ್ವಾಮಿ ನಾಳೆ ಹೇಳಿದರಾಯಿತು ಎಂದುಕೊಂಡ.

ಆ ನಾಳೆ ಬರುವಷ್ಟರಲ್ಲಿ ಫೋಟೋ ಕೈಯಿಂದ ಕೈಗೆ ಹಾರಿತ್ತು. ಸುಂಟಿಕೊಪ್ಪದ ಹೋಟೆಲಿನಲ್ಲಿ ಅವನಿಗೆ ಕುರ್ಚಿ ಒರೆಸಿಕೊಟ್ಟರು. ಒಂದು ಕಾರು ತುಂಬ ಪ್ರವಾಸಿಗರು ಕಾಡುಕೊಪ್ಪಲಿಗೇ ಬಂದು, ವೈಟ್ ಹೌಸ್ ಹೋಮ್‌ಸ್ಟೇ ಎಲ್ಲಿ ಎಂದು ಜವರಪ್ಪನನ್ನು ಕೇಳಿದರು. ಜವರಪ್ಪ ಗಂಭೀರವಾಗಿ, "ಇದೆ ಸಾರ್. ಆದ್ರೆ ಒಂದ್ ಇರುವೆ ಹೋದ್ರೂ ಎರಡನೇದಕ್ಕೆ ಜಾಗ ಇಲ್ಲ, ಅಷ್ಟು ಫುಲ್ಲು" ಎಂದು ಕಳಿಸಿದ.

ಮೂರನೇ ದಿನ ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಮಹೇಶ್ ಫೋನು ಮಾಡಿದ. ವಾರ್ಡಿನಲ್ಲಿ ಹೊಸದಾಗಿ ಕಟ್ಟಿದ ಮನೆಗಳ ಸ್ಥಳ ಪರಿಶೀಲನೆ ಮುಗಿಸಲು ಅವನಿಗೆ ಆ ಸಂಜೆಯೇ ಕೊನೆಯ ಗಡುವು. ಕಾಡುಕೊಪ್ಪಲಿನ ದಾರಿಯಲ್ಲಾದರೋ ಜಿಗಣೆ, ಮೇಲಿನ ತೋಟದಲ್ಲಿ ಆನೆ. ಇಂಥ ಸಂಕಟದಲ್ಲಿ ಸ್ಟೇಟಸ್ಸಿನ ಫೋಟೋ ಅವನಿಗೆ ದೇವರು ಕಳಿಸಿದಂತೆ ಬಂದಿತ್ತು.

"ರೈಟ್ರೇ, ನಿಮ್ದು ಸ್ಥಳ ಪರಿಶೀಲನೆ ಆಯ್ತು. ಅಳತೆ ಒಂದು ಹೇಳಿ."

"ಯಾವಾಗ ಬಂದಿದ್ರಿ?"

"ಫೋಟೋ ನೋಡಿದ್ನಲ್ಲ, ಇನ್ನೇನು ಬರೋದು. ಉದ್ದ?"

ಸಣ್ಣಸ್ವಾಮಿಗೆ ಇದು ಸರ್ಕಾರಿ ವಿಷಯ, ಆಟವಾಡಬಾರದು ಎನಿಸಿತು. "ಮಹೇಶಣ್ಣ, ನಿಜ ಹೇಳ್ಬಿಡ್ತೀನಿ. ಉದ್ದ ಒಂದೂವರೆ ಅಡಿ. ಅಗಲ ಅದಕ್ಕೂ ಕಮ್ಮಿ. ಅದು ಪ್ಲಾಸ್ಟಿಕ್ಕಿಂದು."

ಆ ಕಡೆ ಕಂಪ್ಯೂಟರಿನ ಕೀ ಟಪಟಪ ಒತ್ತಿದ ಸದ್ದು ಕೇಳಿತು. "ಇಲ್ಲ ರೈಟ್ರೇ, ತಗೋತಿಲ್ಲ. ನೂರು ಚದರಡಿಗಿಂತ ಕಮ್ಮಿ ಹಾಕಿದ್ರೆ ಕೆಂಪಕ್ಷರ ಬರುತ್ತೆ."

"ಅಲ್ಲ, ಅದು ಮನೆನೇ ಅಲ್ಲ ಅಂತ ನಾನು ಹೇಳ್ತಿರೋದು."

"ಮನೆ ಅಲ್ಲ ಅನ್ನೋದಕ್ಕೆ ಇದ್ರಲ್ಲಿ ಕಾಲಮ್ ಇಲ್ಲ. ಸಾವಿರದಿನ್ನೂರು ಅಂತ ಹಾಕ್ತೀನಿ, ಎಲ್ರಿಗೂ ಅದೇ ಹಾಕೋದು. ಗೋಡೆ, ಇಟ್ಟಿಗೆ ಅಲ್ವಾ?"

"ಇಟ್ಟಿಗೆನೇ..."

"ಹಾಂ, ಮುಗೀತು. ಭಾನುವಾರ ಬಂದು ಡೋರ್ ನಂಬರ್ ಪ್ಲೇಟ್ ಹೊಡೀತೀನಿ. ನೀವು ಮನೆ ಮುಂದೆ ನಿಂತಿರೋ ಫೋಟೋ ಒಂದು ಬೇಕು."

ಹೀಗೆ ಸಣ್ಣಸ್ವಾಮಿ ತನ್ನ ಬಾಳಿನಲ್ಲಿ ಧೈರ್ಯ ಮಾಡಿ ಹೇಳಿದ ನಿಜ ಕಾಲಮ್ ಸಿಗದೆ ಬಿದ್ದುಹೋಯಿತು. ಫೋನಿಟ್ಟು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಫೋನು. ಅರಕಲಗೂಡಿನ ಕಡೆಯ ನಂಬರು. ಎಂಟು ವರ್ಷದಲ್ಲಿ ಅಕ್ಕ ತಾನಾಗಿ ಮಾಡಿದ ಮೊದಲ ಫೋನು.

"ಸಣ್ಣ... ಕಟ್ಬುಟ್ಟೆಯಂತಲ್ಲೋ."

"ಅಕ್ಕಾ, ಅದು..."

"ಮಾತಾಡ್ಬ್ಯಾಡ. ಮೊಮ್ಮಗಳು ಫೋನಲ್ಲಿ ತೋರುಸ್ದಳು. ಅದೇ ಪಾಯ ಕಣೋ, ನಾನೇ ಅರಿಶಿನ ಹಚ್ಚಿದ ಕಲ್ಲು ಕಾಣ್ತಾ ಅದೆ. ನಂಗೆ ಹೇಳ್ಬೇಕು ಅನ್ನುಸ್ಲಿಲ್ವಾ? ಇರ್ಲಿ ಬುಡು. ನಾನೂ ಹಟ ಜಾಸ್ತಿ ಮಾಡ್ದೆ. ಅಪ್ಪ ಇದ್ದಿದ್ರೆ ಎಷ್ಟ್ ಹಿಗ್ತಿದ್ನೋ. ಭಾನುವಾರ ಒಳ್ಳೆ ಗಳಿಗೆ ಅದೆಯಂತೆ, ಅಯ್ನೋರ್ನ ಕೇಳಿವ್ನಿ. ವ್ಯಾನ್ ಮಾಡ್ಕಂಡು ಎಲ್ಲಾರೂ ಬತ್ತೀವಿ. ಹಾಲುಕ್ಕಿಸ್ತೀನಿ. ಹಸ ಕರ ಒಂದು ರೆಡಿ ಇಟ್ಟಿರು."

ಅಕ್ಕ ಅಳುತ್ತಿದ್ದಳು. ಅಳುತ್ತಿರುವ ಅಕ್ಕನಿಗೆ ಅದು ಪ್ಲಾಸ್ಟಿಕ್ಕು ಎಂದು ಹೇಳುವ ಎದೆ ಯಾರಿಗಿದೆ? ಸಣ್ಣಸ್ವಾಮಿ "ಹೂಂ ಅಕ್ಕ" ಎಂದ. ಆಮೇಲೆ ಒಳಗೆ ಹೋಗಿ ಗೋಡೆಗೆ ಒರಗಿ ಕೂತ.

"ರಾಮೀ, ಅಕ್ಕ ಬರ್ತಾಳಂತೆ. ನಿಜ ಗೊತ್ತಾದ್ರೆ ಈ ಜನ್ಮದಲ್ಲಿ ಮತ್ತೆ ಮುಖ ನೋಡಲ್ಲ. ಏನ್ ಮಾಡ್ಲೇ?"

"ಕಟ್ಟಿದೋರು ನೀವು, ಒಳಗೆ ಕರ್ಕೊಂಡ್ ಹೋಗಿ" ಎಂದು ರಾಮಮ್ಮ ಅಕ್ಕಿ ಆರಿಸುತ್ತ ಕೂತಳು. ಆದರೆ ಆ ಅಕ್ಕಿ ಇಪ್ಪತ್ತು ಜನಕ್ಕೆ ಆಗುವಷ್ಟಿತ್ತು. ಅತ್ತಿಗೆ ಬರುತ್ತಾಳೆ ಎಂಬ ಸುದ್ದಿಗೆ ಅವಳ ಮುಖವೂ ಅರಳಿತ್ತು. ಎಂಟು ವರ್ಷದಿಂದ ಅವಳೂ ಒಂಟಿಯಾಗಿಯೇ ಆ ಕೆಸಿನ ಸೊಪ್ಪು ಬೇಯಿಸಿದವಳು.

ಶನಿವಾರವಿಡೀ ಸಣ್ಣಸ್ವಾಮಿ ಉಪಾಯ ಹುಡುಕಿದ. ಜ್ವರ ಬಂತೆಂದು ಹೇಳಲೇ? ಅಕ್ಕ ಕಷಾಯ ತರುತ್ತಾಳೆ. ಆನೆ ಬಂದು ಕೆಡವಿತು ಎನ್ನಲೇ? ಅರಣ್ಯ ಇಲಾಖೆ ಪರಿಹಾರಕ್ಕೆ ಅರ್ಜಿ ಬರೆಸುತ್ತದೆ. ಕೊನೆಗೆ ವೈಟ್ ಹೌಸನ್ನು ನಾಲ್ಕು ಕಲ್ಲಿನ ಮೇಲೆ ಎತ್ತರಿಸಿ ಇಟ್ಟ. ಅಂಗೈ ಎತ್ತರದ್ದು ಮೊಣಕಾಲಿನ ಎತ್ತರವಾಯಿತು. ಅದರಿಂದ ಪ್ರಯೋಜನವಾಗದು ಎಂದು ಹೊಳೆದು ಮತ್ತೆ ಇಳಿಸಿದ.

ಭಾನುವಾರ ಎಂಟು ಗಂಟೆಗೆ ವ್ಯಾನು ಬಂತು. ಹನ್ನೊಂದು ಜನ ಇಳಿದರು. ಬಾಳೆಗೊನೆ, ತೆಂಗಿನಕಾಯಿ, ದೇವರ ಪಟ, ಉಡುಗೊರೆಯ ಪೊಟ್ಟಣಗಳು. ಪೊಟ್ಟಣಗಳಲ್ಲಿ ಐದು ಗೋಡೆ ಗಡಿಯಾರಗಳಿದ್ದವು. ಗೋಡೆಯೇ ಇಲ್ಲದ ಮನೆಗೆ ಐದು ಗೋಡೆ ಗಡಿಯಾರ! ಕೊನೆಗೆ ನಿಂಗಮ್ಮ ಇಳಿದಳು. ಎಪ್ಪತ್ತರ ಹತ್ತಿರದ ಮುಖ ಸೊರಗಿತ್ತು. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದ ಹಿತ್ತಾಳೆ ಪಾತ್ರೆ ಮಾತ್ರ ಹುಣಿಸೆ ಹಚ್ಚಿ ತೊಳೆದು ಫಳಫಳ ಹೊಳೆಯುತ್ತಿತ್ತು. ಸಣ್ಣಸ್ವಾಮಿ ಕಾಲಿಗೆ ಬಿದ್ದ. ಬಿದ್ದವನು ಏಳಲು ತಡಮಾಡಿದ.

"ಏಳ್ಲಾ, ಗಳಿಗೆ ಮೀರ್ತದೆ. ಎಲ್ಲಿ ಮನೆ?"

"ಹಿತ್ಲಲ್ಲಿ ಅಕ್ಕ."

ಎಲ್ಲರೂ ಹಿತ್ತಲಿಗೆ ಬಂದು, ತಲೆ ಎತ್ತಿ, ಎದುರಿಗಿದ್ದ ಹಲಸಿನ ಮರದ ತುದಿಯತ್ತ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅರಿಶಿನ ಹಚ್ಚಿದ ಹಸು-ಕರು ಹಿಡಿದು ನಿಂತಿದ್ದ ಜವರಪ್ಪ ಈ ಗಳಿಗೆಗಾಗಿಯೇ ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿದ್ದ.

"ಕೆಳಗೆ ನೋಡಿ" ಎಂದ.

ಕೆಳಗೆ ನೋಡಿದರು. ಯಾರೋ ಒಬ್ಬರು ಕಿಸಕ್ಕನೆ ನಕ್ಕು, ನಿಂಗಮ್ಮನ ಮುಖ ನೋಡಿ ನಗುವನ್ನು ಕೆಮ್ಮಿಗೆ ತಿರುಗಿಸಿದರು. ನಿಂಗಮ್ಮ ಪಾತ್ರೆಯನ್ನು ಸೊಂಟಕ್ಕೇರಿಸಿ, ಕನ್ನಡಕ ಹಾಕಿಕೊಂಡು, ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಳು.

"ಏನ್ಲಾ ಇದು?"

"ಮನೆ ಅಕ್ಕ."

"ಯಾರ್ದು?"

"ಅಮೆರಿಕದ ಅಧ್ಯಕ್ಷರದ್ದು."

"ಅವ್ರ ಮನೆ ನೀನ್ಯಾಕ್ಲಾ ಕಟ್ದೆ? ನಿನ್ ಮನೆ ಅವ್ರು ಬಂದು ಕಟ್ಕೊಟ್ಟಾರಾ?"

ಇದಕ್ಕೆ ಅಮೆರಿಕದವರೇ ಬಂದು ಉತ್ತರ ಹೇಳಬೇಕಿತ್ತು. "ತಪ್ಪಾಯ್ತಕ್ಕ. ನೀನು ಅಳ್ತಿದ್ದೆ, ಹೇಳಕ್ಕಾಗ್ಲಿಲ್ಲ. ನೀನು ಒಂದ್ಸಲ ಬಂದ್ರೆ ಸಾಕಾಗಿತ್ತು" ಎಂದು ನಿಂತಲ್ಲೇ ಕಣ್ಣೀರು ಹಾಕಿದ. ಐವತ್ತಾರು ವರ್ಷದ ರೈಟರು, ಎಸ್ಟೇಟಿನ ಲೈನಿಗೆಲ್ಲ ಗದರುವವನು, ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ. ನಿಂಗಮ್ಮ ಎದ್ದಳು. ವ್ಯಾನಿನ ಕಡೆ ತಿರುಗಿದಳು. ರಾಮಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ಹಾಗೆಯೇ ನಿಂತುಬಿಟ್ಟಳು.

ಆಗ ಬೈಕಿನ ಸದ್ದಾಯಿತು. ಮಹೇಶ್! ಕೈಯಲ್ಲಿ ಸುತ್ತಿಗೆ, ಮೊಳೆ, ನೀಲಿ ತಗಡಿನ ನಂಬರ್ ಪ್ಲೇಟು. ಗಡಿಬಿಡಿಯಲ್ಲಿ ಬಂದವನು, "ರೈಟ್ರೇ, ಮನೆ ಎಲ್ಲಿ? ಪ್ಲೇಟ್ ಹೊಡೆದು ಫೋಟೋ ತಗೊಂಡ್ ಹೋಗ್ಬೇಕು" ಎಂದ. ಹನ್ನೊಂದು ಜನವೂ ಒಟ್ಟಿಗೆ ನೆಲಕ್ಕೆ ಬೆರಳು ತೋರಿಸಿದರು. ಮಹೇಶ್ ನೋಡಿದ. ಕೈಯಲ್ಲಿದ್ದ ಕಾಗದ ನೋಡಿದ. ಮತ್ತೆ ನೆಲ ನೋಡಿದ. ಮುಖದ ಬಣ್ಣ ಇಳಿದು ವೈಟ್ ಹೌಸಿಗೆ ಸರಿಹೊಂದಿತು.

"ಎಂಟ್ರಿ ಆಗೋಯ್ತಲ್ಲ ರೈಟ್ರೇ... ಮೇಲಿಂದ ಅಪ್ರೂವೂ ಆಗೋಯ್ತು."

ನಿಂಗಮ್ಮ ಅರ್ಧ ದಾರಿಯಿಂದ ತಿರುಗಿದಳು. "ಯಾರಪ್ಪಾ ನೀನು, ಸರ್ಕಾರದೋನಾ?"

"ಹೌದಮ್ಮ, ಪಂಚಾಯ್ತಿ."

"ನೋಡು, ನನ್ ಮಾತು ಒಂದೇ. ಹೊಸ ಮನೇಲಿ ಹಾಲುಕ್ಕುಸ್ದೆ ಇವ್ನ ಹೊಸ್ಲು ತುಳಿಯಲ್ಲ ಅಂತ ಅಂದೋಳು ನಾನು. ಈಗ ನೀನು ನೆಟ್ಟಗೆ ಹೇಳು. ಇದು ಮನೆ ಹೌದೋ ಅಲ್ವೋ?"

ಮಹೇಶ್ ಕಾಗದ ಮಡಚಿ ಜೇಬಿಗಿಟ್ಟ. ಅಲ್ಲ ಎಂದರೆ ಅವನು ಸ್ಥಳ ಪರಿಶೀಲನೆಗೆ ಬಂದೇ ಇರಲಿಲ್ಲ ಎಂದಾಗುತ್ತದೆ, ಕೆಲಸಕ್ಕೇ ಸಂಚಕಾರ. ಜವರಪ್ಪನ ಹಸು ಕೂಡ ಕಿವಿ ನಿಗುರಿಸಿ ಅವನನ್ನೇ ನೋಡುತ್ತಿತ್ತು.

"ಮನೆ ಅಮ್ಮಾ" ಎಂದ ಕೊನೆಗೆ. "ಸಾವಿರದಿನ್ನೂರು ಚದರಡಿ."

ಹೇಳಿ, ನಂಬರ್ ಪ್ಲೇಟನ್ನು ವೈಟ್ ಹೌಸಿಗೆ ಒರಗಿಸಿದ. ಪ್ಲೇಟಿನ ಹಿಂದೆ ಮನೆ ಅರ್ಧ ಮರೆಯಾಯಿತು.

ನಿಂಗಮ್ಮ ತಮ್ಮನನ್ನು ನೋಡಿದಳು, ಬಾಗಿಲಲ್ಲಿ ನಿಂತ ರಾಮಮ್ಮನನ್ನು ನೋಡಿದಳು. ವ್ಯಾನು ಕುಲುಕಿ ಸೊಂಟ ಹಿಡಿದಿತ್ತು. ಎಂಟು ವರ್ಷದ ಹಟವನ್ನು ಮತ್ತೆ ಹೊತ್ತುಕೊಂಡು ವಾಪಸು ಹೋಗುವ ಶಕ್ತಿ ಅವಳಿಗೂ ಉಳಿದಿರಲಿಲ್ಲ, ಇಷ್ಟವೂ ಇರಲಿಲ್ಲ.

"ಸರ್ಕಾರನೇ ಮನೆ ಅಂದ್ಮೇಲೆ ನಾನ್ಯಾವಳು? ಏಯ್, ಒಲೆ ಹೂಡ್ರೋ! ಮೊದ್ಲು ಹಸ ನುಗ್ಸಿ."

ಹೊಸ ಮನೆಗೆ ಮೊದಲು ಹಸು ಕಾಲಿಡಬೇಕು, ಒಳಗೆ ಸಗಣಿ ಹಾ‌ಕಿದರೆ ಇನ್ನೂ ಶುಭ. ಜವರಪ್ಪ ಹಸುವನ್ನು ಪಾಯಕ್ಕೆ ಹತ್ತಿಸಿದ. ಹಸು ಕೆಸು ಮೂಸಿತು, ನೆಲ್ಲಿಕಾಯಿ ತಿಂದಿತು, ಬಾವುಟ ನೆಕ್ಕಿತು. ಆಮೇಲೆ ಸಾವಕಾಶವಾಗಿ ತಿರುಗಿ ನಿಂತು, ಬಾಲ ಎತ್ತಿ, ಅಮೆರಿಕದ ಅಧ್ಯಕ್ಷರ ನಿವಾಸದ ತಾರಸಿಯ ಮೇಲೆ ತನ್ನ ಶುಭವನ್ನೆಲ್ಲ ಧಾರಾಳವಾಗಿ ಇಳಿಸಿತು.

"ಶುಭ! ಶುಭ!" ಎಂದು ಹನ್ನೊಂದು ಜನ ಅಕ್ಕಿಕಾಳು ಎರಚಿದರು. ಸಣ್ಣಸ್ವಾಮಿ "ಅಯ್ಯೋ ನನ್ ಕಂಬ!" ಎಂದ ಕೂಗು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಮಹೇಶ್ ಫೋಟೋ ತೆಗೆದುಕೊಂಡು ಬೈಕು ಹತ್ತಿದವನು ಹಿಂದೆ ತಿರುಗಿ ನೋಡಲಿಲ್ಲ.

ಮೂರು ಕಲ್ಲಿನ ಒಲೆಯ ಮೇಲೆ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಉಕ್ಕಿ ಪೂರ್ವಕ್ಕೇ ಚೆಲ್ಲಿತು. ನಿಂಗಮ್ಮ ಕೈಮುಗಿದಳು. ನೆಟ್ಟಗೆ ಹೆಂಚಿನ ಮನೆಗೆ ಬಂದು, ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಬಲಗಾಲಿಟ್ಟು ಒಳಗೆ ಬಂದಳು. "ರಾಮಿ, ನೀರು ಕೊಡವ್ವ" ಎಂದಳು. ರಾಮಮ್ಮ ಚೊಂಬು ಕೊಟ್ಟು ಅವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು. ಆ ದಿನದ ಊಟದಲ್ಲಿ ಕೆಸಿನ ಸೊಪ್ಪು ಇರಲಿಲ್ಲ.

ಹೊರಡುವಾಗ ನಿಂಗಮ್ಮ ತಮ್ಮನ ಕಿವಿ ಹಿಡಿದಳು. "ಇವತ್ತಿಂದು ಸರ್ಕಾರದ ಮಾತಿಗೆ ಉಕ್ಸಿದ ಹಾಲು. ಯುಗಾದಿಗೆ ಮತ್ತೆ ಬತ್ತೀನಿ. ಅಷ್ಟೊತ್ಗೆ ನನ್ ಎತ್ರಕ್ಕೆ ಗೋಡೆ ಎದ್ದಿರ್ಬೇಕು. ಇಲ್ದಿದ್ರೆ ಗೊತ್ತಲ್ಲ?"

ಗೊತ್ತಿತ್ತು. ಮಾರನೇ ದಿನವೇ ಸಣ್ಣಸ್ವಾಮಿ ಮೇಸ್ತ್ರಿ ಸಿದ್ದನ ಮನೆಗೆ ಹೋಗಿ, "ಮೊದಲ್ನೇ ಪ್ಲ್ಯಾನೇ ಇರ್ಲಿ ಮಾರಾಯ, ಬಾಯಿ ಮುಚ್ಕೊಂಡ್ ಇರ್ತೀನಿ" ಎಂದು ಕೈಮುಗಿದ. ಸಿದ್ದ ಒಪ್ಪಿದ. ಹಳೇ ಲೈಸೆನ್ಸಿನ ಅವಧಿ ಮುಗಿದಿದ್ದರಿಂದ ಹೊಸದಕ್ಕೆ ಅರ್ಜಿ ಹಿಡಿದು ಪಂಚಾಯಿತಿಗೆ ಹೋದ. ಅಭಿವೃದ್ಧಿ ಅಧಿಕಾರಿ ಆಶಾರಾಣಿ ಮೇಡಂ ಕಂಪ್ಯೂಟರು ನೋಡಿ ಹುಬ್ಬು ಗಂಟಿಕ್ಕಿದರು.

"ಈ ಜಾಗದಲ್ಲಿ ಆಗ್ಲೇ ಮನೆ ಇದೆಯಲ್ಲ? ಸಾವಿರದಿನ್ನೂರು ಚದರಡಿ, ಕಂಬ, ಬಾವುಟ ಎಲ್ಲಾ ಇದೆ. ಮನೆ ಇರೋ ಜಾಗಕ್ಕೆ ಹೊಸ ಲೈಸೆನ್ಸ್ ಕೊಡೋಕಾಗಲ್ಲ."

ಸಣ್ಣಸ್ವಾಮಿ ಇದಕ್ಕೆ ಸಿದ್ಧನಾಗಿಯೇ ಬಂದಿದ್ದ. ತರಕಾರಿ ಚೀಲದಿಂದ ವೈಟ್ ಹೌಸನ್ನು ತೆಗೆದು ಮೇಡಂ ಮೇಜಿನ ಮೇಲಿಟ್ಟ. ರಾಮಮ್ಮ ಮೂರು ಸಲ ತೊಳೆದಿದ್ದರೂ ಕಂಬದ ಸಂದಿಯಲ್ಲಿ ಸ್ವಲ್ಪ ಶುಭ ಉಳಿದಿತ್ತು.

"ಇದೇ ಮೇಡಂ ಆ ಮನೆ."

ಮೇಡಂ ಮನೆ ನೋಡಿದರು, ಮೂಗು ಮುಚ್ಚಿಕೊಂಡರು, ಮೂಲೆಯಲ್ಲಿ ಫೈಲಿನ ಹಿಂದೆ ಅಡಗುತ್ತಿದ್ದ ಮಹೇಶನನ್ನು ನೋಡಿದರು. ಅಪ್ರೂವ್ ಆದದ್ದರ ಕೆಳಗೆ ತಮ್ಮದೇ ಸಹಿ ಇತ್ತು. ಕಂಪ್ಯೂಟರನ್ನು ಆ ಕಡೆ ತಿರುಗಿಸಿ ಹೇಳಿದರು: "ಮೊದ್ಲು, ಅನುಮತಿ ಇಲ್ದೆ ಕಟ್ಟಡ ತಂದು ಪಂಚಾಯ್ತಿ ಮೇಜಿನ ಮೇಲೆ ಇಟ್ಟಿದ್ದು ಒತ್ತುವರಿ ಆಗುತ್ತೆ, ತೆಗೀರಿ. ಎರಡನೇದು, ಇದನ್ನ ಕೆಡವಿ, ಕೆಡವಿದ ಫೋಟೋ ಹಾಕಿ. ಅದೇ ಪಾಯದ ಮೇಲೇ ಇರ್ಬೇಕು. ಆಮೇಲೆ ನೋಡೋಣ."

ಆ ಸಂಜೆ ಪಾಯದ ಮೇಲೆ ಕೂತು ಗಂಡ ಹೆಂಡತಿ ವೈಟ್ ಹೌಸ್ ಕೆಡವಿದರು. ಮಳೆಗಾಲವಿಡೀ ಕಟ್ಟಿದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಸಣ್ಣಸ್ವಾಮಿಗೆ ಪ್ರತಿ ಕಂಬಕ್ಕೂ ಹೊಟ್ಟೆ ಉರಿಯಿತು. ರಾಮಮ್ಮ ಮಾತ್ರ ಹುರುಪಿನಿಂದ ಕಿತ್ತಳು, ನಡುನಡುವೆ ಹಾಡನ್ನೂ ಗುನುಗಿದಳು. ಅವನು ಹೊಟ್ಟೆ ಅಡಿಯಾಗಿ ಮಲಗಿ ಫೋಟೋ ತೆಗೆದ. ಪಂಚಾಯಿತಿಗೆ ಕಳಿಸಿದ. ಹಳೇ ಚಟ, ಸ್ಟೇಟಸ್ಸಿಗೂ ಹಾಕಿದ.

ಮೊದಲು ಮಲ್ಲಪ್ಪನ ಫೋನು. "ಅಯ್ಯೋ ಸಣ್ಣ, ಪೂರ್ತಿ ಕುಸಿದುಹೋಯ್ತಲ್ಲೋ! ಕ್ಯೂರಿಂಗ್ ಮಾಡಿಲ್ಲ ಅಂದಾಗ್ಲೇ ನಂಗೆ ಅನುಮಾನ ಇತ್ತು ಕಣೋ." ಬಹುವಚನ ವಾಪಸು ಹೋಗಿತ್ತು.

ಅದನ್ನಿಡುವಷ್ಟರಲ್ಲಿ ಅಕ್ಕ.

"ನೋಡ್ದೆ ಕಣ್ಲಾ. ಕೆಡವಿದ್ದು ಒಳ್ಳೇದಾಯ್ತು. ಗೋಡೆ ಏಳೋಗಂಟ ನಿನ್ನ ನಂಬಕ್ಕಾಗಲ್ಲ, ಬರೋ ಸೋಮವಾರ ಬಟ್ಟೆಬರೆ ತಗಂಡು ನಾನೇ ಬಂದು ಅಲ್ಲೇ ಇರ್ತೀನಿ. ಸಿದ್ದನ್ಗೆ ಹೇಳಿವ್ನಿ, ರಾಮಿಗೂ ಹೇಳಿವ್ನಿ. ಈ ಸಲ ಆ ಪಾಯದ ಮೇಲೆ ಇನ್ನೇನಾದ್ರೂ ತಂದು ಇಟ್ಟೆ ಅನ್ನು, ಹಸ ಗಿಸ ಏನೂ ಬೇಕಾಗಿಲ್ಲ, ನಾನೊಬ್ಳೇ ಸಾಕು!"